1970ರ ದಶಕದ ಅಪರಿಚಿತ ಜಪಾನಿ ಕಥಾಚಿತ್ರಗಳ ಸಂಗ್ರಹ

1970ರ ದಶಕದ ಅಪರಿಚಿತ ಜಪಾನಿ ಕಥಾಚಿತ್ರಗಳು ಎಂಬ ಮಾತು, ಆ ಹತ್ತು ವರ್ಷಗಳಲ್ಲಿ ಜಪಾನಿನಲ್ಲಿ ಕಡಿಮೆ ವೆಚ್ಚದಲ್ಲಿ ತಯಾರಾಗಿ, ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ತೆರೆಕಂಡು, ಹೊರದೇಶಗಳ ಪ್ರೇಕ್ಷಕರಿಗೆ ಬಹುಕಾಲ ನೋಡಸಿಗದೆ ಉಳಿದ ಸಾಮಾಜಿಕ ಹಾಗೂ ಕೌಟುಂಬಿಕ ಚಿತ್ರಗಳನ್ನು ಸೂಚಿಸುತ್ತದೆ. ಇವುಗಳ ಪ್ರತಿಗಳನ್ನು, ಭಿತ್ತಿಚಿತ್ರಗಳನ್ನು, ಪ್ರಚಾರದ ಕರಪತ್ರಗಳನ್ನು ಮತ್ತು ಚಿತ್ರಕಥೆಯ ಪುಸ್ತಿಕೆಗಳನ್ನು ಅರಸಿ ಸಂಗ್ರಹಿಸುವವರು ಜಪಾನಿನಲ್ಲಿಯೂ ಯುರೋಪು, ಅಮೆರಿಕಗಳಲ್ಲಿಯೂ ಇದ್ದಾರೆ. ಸಂಗ್ರಾಹಕರು ಹೆಚ್ಚಾಗಿ ಬಯಸುವ ಚಿತ್ರಗಳಲ್ಲಿ ಗಣನೀಯ ಪಾಲು ಆರ್ಟ್ ಥಿಯೇಟರ್ ಗಿಲ್ಡ್ (ಸಂಕ್ಷಿಪ್ತವಾಗಿ ಎಟಿಜಿ) ಎಂಬ ಸಂಸ್ಥೆಯ ನೆರವಿನಿಂದ ತಯಾರಾದುದು.

‘ಅಪರಿಚಿತ’ ಎಂಬ ವಿಶೇಷಣವನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ಜಪಾನಿನ ಹಳೆಯ ಚಲನಚಿತ್ರ ಪತ್ರಿಕೆಯಾದ ‘ಕಿನೆಮಾ ಜುಂಪೊ’ ಪ್ರತಿವರ್ಷ ವಿಮರ್ಶಕರ ಮತಗಳಿಂದ ಆರಿಸುವ ವರ್ಷದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 1971, 1973, 1976 ಮತ್ತು 1978ರ ಮೊದಲ ಸ್ಥಾನಗಳು ಎಟಿಜಿ ಚಿತ್ರಗಳಿಗೇ ಸಂದಿವೆ. ತಮ್ಮ ನಾಡಿನ ವಿಮರ್ಶಕರಿಂದ ಅಗ್ರಸ್ಥಾನ ಪಡೆದ ಚಿತ್ರಗಳು ಹೊರಗಿನವರಿಗೆ ಹೆಸರೇ ತಿಳಿಯದಂತಾದುದಕ್ಕೆ ಕಾರಣ ಅವುಗಳ ಗುಣವಲ್ಲ. ಅವು ತಯಾರಾದ ಮತ್ತು ಹಂಚಿಕೆಯಾದ ರೀತಿ.

ಹಿನ್ನೆಲೆ

ಜಪಾನಿನಲ್ಲಿ ಸಿನಿಮಾ ನೋಡುವವರ ಸಂಖ್ಯೆ 1958ರಲ್ಲಿ ಶಿಖರ ಮುಟ್ಟಿತ್ತು. ಆ ವರ್ಷ ಸುಮಾರು 112 ಕೋಟಿ ಟಿಕೆಟುಗಳು ಮಾರಾಟವಾಗಿದ್ದವು. ದೂರದರ್ಶನ ಮನೆಮನೆಗೆ ಬಂದ ಮೇಲೆ ಈ ಸಂಖ್ಯೆ ವೇಗವಾಗಿ ಇಳಿದು, 1972ರ ವೇಳೆಗೆ 20 ಕೋಟಿಗಿಂತಲೂ ಕೆಳಗೆ ಬಂದಿತು. ದೊಡ್ಡ ಸ್ಟುಡಿಯೋಗಳಲ್ಲಿ ಒಂದಾದ ದಾಯೆಇ 1971ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಅದೇ ವರ್ಷ ನಿಕ್ಕಾತ್ಸು ಸಂಸ್ಥೆಯು ಕಾಮಪ್ರಧಾನ ಚಿತ್ರಗಳ ತಯಾರಿಕೆಗೆ ಹೊರಳಿ ಉಳಿದುಕೊಂಡಿತು. ಮಧ್ಯಮ ವರ್ಗದ ಸಂಸಾರವನ್ನೋ ಹಳ್ಳಿಯ ಬದುಕನ್ನೋ ನಿಧಾನವಾಗಿ ಚಿತ್ರಿಸುವ ಕಥೆಗಳಿಗೆ ಸ್ಟುಡಿಯೋಗಳಲ್ಲಿ ಸ್ಥಳ ಕಡಿಮೆಯಾಗುತ್ತ ಹೋಯಿತು. ಸ್ಟುಡಿಯೋ ತೊರೆದ ನಿರ್ದೇಶಕರು ಸ್ವಂತದ ಸಣ್ಣ ಸಂಸ್ಥೆಗಳನ್ನು ಕಟ್ಟಿಕೊಂಡರಾದರೂ ಅವರಲ್ಲಿ ಹಣವೂ ಇರಲಿಲ್ಲ, ಚಿತ್ರಮಂದಿರವೂ ಇರಲಿಲ್ಲ.

ಆರ್ಟ್ ಥಿಯೇಟರ್ ಗಿಲ್ಡ್

ಎಟಿಜಿ 1961ರ ನವೆಂಬರಿನಲ್ಲಿ ಸ್ಥಾಪನೆಯಾಯಿತು. ತೊಹೊ ಸ್ಟುಡಿಯೋದ ಇವಾವೊ ಮೊರಿ ಹಾಗೂ ವಿದೇಶಿ ಚಿತ್ರಗಳನ್ನು ಜಪಾನಿಗೆ ತರುವುದರಲ್ಲಿ ಹೆಸರಾದ ಕಾಶಿಕೊ ಕವಾಕಿತಾ ಇದರ ಹಿಂದಿನ ಮುಖ್ಯ ಪ್ರೇರಕರು. ಆರಂಭದಲ್ಲಿ ಅದರ ಕೆಲಸ ಚಿತ್ರ ತಯಾರಿಕೆಯಲ್ಲ. ವಾಣಿಜ್ಯದೃಷ್ಟಿಯಿಂದ ಯಾರೂ ಮುಟ್ಟದ ವಿದೇಶಿ ಕಲಾಚಿತ್ರಗಳನ್ನು ತರಿಸಿ, ದೇಶದ ಹತ್ತು ಚಿತ್ರಮಂದಿರಗಳಲ್ಲಿ ತೋರಿಸುವುದು. ಜನ ಬರಲಿ ಬಿಡಲಿ, ಆರಿಸಿದ ಚಿತ್ರವನ್ನು ಒಂದು ತಿಂಗಳಾದರೂ ಓಡಿಸಬೇಕೆಂಬುದು ಸಂಸ್ಥೆಯ ಧೋರಣೆಯಾಗಿತ್ತು. 1962ರಲ್ಲಿ ಪೋಲೆಂಡಿನ ‘ಮದರ್ ಜೋನ್ ಆಫ್ ದಿ ಏಂಜಲ್ಸ್’ ಚಿತ್ರದಿಂದ ಪ್ರದರ್ಶನಗಳು ಮೊದಲಾದವು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1966ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದದ್ದು ಈ ಸಂಸ್ಥೆಯ ಮೂಲಕವೇ ಎಂಬುದು ಭಾರತೀಯ ಓದುಗರಿಗೆ ಸ್ವಾರಸ್ಯವೆನಿಸಬಹುದು.

ತಯಾರಿಕೆಗೆ ಕೈಹಾಕಿದ್ದು 1960ರ ದಶಕದ ಉತ್ತರಾರ್ಧದಲ್ಲಿ. ಆಗ ರೂಪುಗೊಂಡ ಪದ್ಧತಿ ಸರಳವಾದುದು. ಚಿತ್ರವೊಂದಕ್ಕೆ ಒಂದು ಕೋಟಿ ಯೆನ್ ವೆಚ್ಚ. ಅರ್ಧವನ್ನು ಎಟಿಜಿ, ಉಳಿದರ್ಧವನ್ನು ನಿರ್ದೇಶಕನ ಸಂಸ್ಥೆ ಹಾಕಬೇಕು. ಡಾಲರಿಗೆ 360 ಯೆನ್ ಎಂಬ ಅಂದಿನ ಸ್ಥಿರ ದರದಲ್ಲಿ ಇದು ಸುಮಾರು 28 ಸಾವಿರ ಡಾಲರು, ದೊಡ್ಡ ಸ್ಟುಡಿಯೋದ ಸಾಮಾನ್ಯ ಚಿತ್ರವೊಂದರ ಖರ್ಚಿನ ಸಣ್ಣ ಪಾಲು ಮಾತ್ರ. ನಾಗಿಸಾ ಓಶಿಮಾ ಅವರ ‘ಡೆತ್ ಬೈ ಹ್ಯಾಂಗಿಂಗ್’ (1968) ಈ ಬಗೆಯ ಮೊದಲ ಚಿತ್ರ. ಹಣ ಸಾಲದುದರಿಂದ ಕಪ್ಪು-ಬಿಳುಪು ಚಿತ್ರೀಕರಣ, ಸ್ಟುಡಿಯೋ ಸೆಟ್ಟಿನ ಬದಲು ನಿಜವಾದ ಮನೆ, ಬೀದಿ, ಹೊಲ, ಕಡಲತೀರ, ಪ್ರಸಿದ್ಧ ತಾರೆಯರ ಬದಲು ರಂಗಭೂಮಿಯ ನಟರು ಇವೆಲ್ಲ ರೂಢಿಗೆ ಬಂದವು. ಬಡತನದಿಂದ ಹುಟ್ಟಿದ ಈ ಲಕ್ಷಣಗಳೇ ಇಂದು ಸಂಗ್ರಾಹಕರು ನೋಡಿದೊಡನೆ ಗುರುತಿಸುವ ‘ಎಟಿಜಿ ಶೈಲಿ’.

ಸಂಸ್ಥೆಯ ಕೇಂದ್ರ ಟೋಕಿಯೋದ ಶಿಂಜುಕು ಬಡಾವಣೆಯ ‘ಶಿಂಜುಕು ಬುಂಕಾ’ ಚಿತ್ರಮಂದಿರ. ಅದರ ವ್ಯವಸ್ಥಾಪಕರಾಗಿದ್ದ ಕಿನ್ಷಿರೊ ಕುಜುಇ ರಾತ್ರಿಯ ಕೊನೆಯ ಸಿನಿಮಾ ಮುಗಿದ ಮೇಲೆ ಅದೇ ವೇದಿಕೆಯಲ್ಲಿ ನಾಟಕಗಳನ್ನು ಆಡಿಸುತ್ತಿದ್ದರು. 1967ರಲ್ಲಿ ಅದರ ನೆಲಮಾಳಿಗೆಯಲ್ಲಿ ‘ಸಸೋರಿ-ಜಾ’ (ಚೇಳಿನ ರಂಗಮಂದಿರ) ಎಂಬ ಪುಟ್ಟ ಪ್ರದರ್ಶನಾಲಯ ತೆರೆಯಿತು. ಅದಕ್ಕೆ ಹೆಸರಿಟ್ಟವರು ಕಾದಂಬರಿಕಾರ ಯುಕಿಯೊ ಮಿಶಿಮಾ. 1971ರ ಕ್ರಿಸ್ಮಸ್ ಹಿಂದಿನ ದಿನ ಶಿಂಜುಕುವಿನ ಪೊಲೀಸ್ ಚೌಕಿಯೊಂದರ ಬಳಿ ಬಾಂಬು ಸ್ಫೋಟಿಸಿತ್ತು. ಉಗ್ರಗಾಮಿ ಯುವಕರ ಕಥೆಯುಳ್ಳ ಕೊಜಿ ವಾಕಮತ್ಸು ಅವರ ‘ಎಕ್ಸ್ಟಸಿ ಆಫ್ ದಿ ಏಂಜಲ್ಸ್’ ಮರುವರ್ಷ ಬಿಡುಗಡೆಗೆ ಬಂದಾಗ, ವಿರೋಧಗಳ ನಡುವೆಯೂ ಶಿಂಜುಕು ಬುಂಕಾ ಅದನ್ನು ಪ್ರದರ್ಶಿಸಿತು. 1974ರಲ್ಲಿ ಎಟಿಜಿಯ ಕೇಂದ್ರವಾಗಿ ಅದರ ಕಾಲ ಮುಗಿಯಿತು. ಸಂಸ್ಥೆಯ ತಯಾರಿಕೆ ಮಾತ್ರ 1980ರ ದಶಕದವರೆಗೂ ಮುಂದುವರಿಯಿತು.

ಚಿತ್ರಗಳ ಸ್ವರೂಪ

ಈ ಚಿತ್ರಗಳನ್ನು ಒಂದೇ ಪಂಥದವೆನ್ನಲಾಗದು. ಆದರೂ ಕೆಲವು ವಿಷಯಗಳು ಮತ್ತೆ ಮತ್ತೆ ಎದುರಾಗುತ್ತವೆ: ಒಡೆಯುತ್ತಿರುವ ಕೂಡುಕುಟುಂಬ, ಯುವಕರು ತೊರೆದು ಹೋಗುತ್ತಿರುವ ಹಳ್ಳಿ, ತಾಯಿಯ ಹಿಡಿತ, ಸೋತುಹೋದ ವಿದ್ಯಾರ್ಥಿ ಚಳವಳಿಯ ನಂತರದ ಶೂನ್ಯಭಾವ.

ಓಶಿಮಾ ಅವರ ‘ಗಿಶಿಕಿ’ (ವಿಧಿ, 1971) ಸಂಸ್ಥೆಯ ಹತ್ತನೆಯ ವರ್ಷದ ನೆನಪಿನ ಚಿತ್ರ. ಸಕುರಾದಾ ಎಂಬ ಪ್ರತಿಷ್ಠಿತ ಮನೆತನದ ಕಾಲು ಶತಮಾನದ ಚರಿತ್ರೆಯನ್ನು ಮದುವೆ ಮತ್ತು ಉತ್ತರಕ್ರಿಯೆಗಳ ಮೂಲಕವೇ ಹೇಳುವುದು ಇದರ ತಂತ್ರ. ಇದರ ಒಂದು ಸನ್ನಿವೇಶದಲ್ಲಿ ಮದುವೆಯ ದಿನ ವಧು ಬರುವುದೇ ಇಲ್ಲ. ಅತಿಥಿಗಳು ನೆರೆದಿದ್ದಾರೆ; ಮನೆತನದ ಮರ್ಯಾದೆ ಮುಖ್ಯ. ಆದ್ದರಿಂದ ವಧು ಪಕ್ಕದಲ್ಲಿಯೇ ಇರುವಳೆಂಬಂತೆ ವರನಿಂದ ಇಡೀ ಶಾಸ್ತ್ರವನ್ನು ನಡೆಸಲಾಗುತ್ತದೆ. ಇಲ್ಲದ ವಧುವಿನೊಡನೆ ವರ ನಡೆಯುವ ಆ ದೃಶ್ಯವನ್ನು ನಗುತ್ತ ನೋಡತೊಡಗಿದವರಿಗೆ ನಗೆ ಗಂಟಲಲ್ಲೇ ನಿಲ್ಲುತ್ತದೆ. ಯುದ್ಧಾನಂತರದ ಜಪಾನಿನ ಬಗ್ಗೆ ಬಂದ ಟೀಕೆಗಳಲ್ಲಿ ಇಷ್ಟು ಮಿತವಾದದ್ದೂ ಇಷ್ಟು ಕಟುವಾದದ್ದೂ ವಿರಳ.

ಅಕಿಯೊ ಜಿಸ್ಸೋಜಿ ಮಕ್ಕಳ ಜನಪ್ರಿಯ ದೂರದರ್ಶನ ಸರಣಿಯಾದ ‘ಅಲ್ಟ್ರಾಮ್ಯಾನ್’ನ ಕಂತುಗಳನ್ನು ನಿರ್ದೇಶಿಸಿದ್ದವರು. ಅವರ ಎಟಿಜಿ ಚಿತ್ರಗಳ ಪೈಕಿ ಮೊದಲನೆಯದು ‘ಮುಜೊ’ (1970). ಬೌದ್ಧರ ‘ಅನಿತ್ಯ’ ಎಂಬ ಪರಿಕಲ್ಪನೆಯ ಜಪಾನಿ ಹೆಸರೇ ಮುಜೊ. ಎರಡನೆಯದು ‘ಮಂದರ’ (1971). ಸಂಸ್ಕೃತದ ‘ಮಂಡಲ’ ಶಬ್ದವು ಚೀನಾದ ಮೂಲಕ ಜಪಾನಿಗೆ ಹೋಗಿ ಪಡೆದ ರೂಪವಿದು. ಮೂರನೆಯದು ‘ಉತಾ’ (ಕಾವ್ಯ, 1972). ‘ಮುಜೊ’ದಲ್ಲಿ ಬೀವಾ ಸರೋವರದ ಸೀಮೆಯ ವರ್ತಕ ಮನೆತನದ ಒಡಹುಟ್ಟಿದವರಿಬ್ಬರ ನಿಷಿದ್ಧ ಸಂಬಂಧವಿದೆ. ಅವರಲ್ಲಿ ಯುವಕನು ಬುದ್ಧಮೂರ್ತಿ ಕೆತ್ತುವ ಶಿಲ್ಪಿಯ ಬಳಿ ಶಿಷ್ಯನಾಗುತ್ತಾನೆ, ಪಾಪ-ಪುಣ್ಯಗಳ ಕುರಿತು ಭಿಕ್ಷುವೊಬ್ಬನೊಡನೆ ವಾದಕ್ಕಿಳಿಯುತ್ತಾನೆ. 1970ರ ಲೊಕಾರ್ನೊ ಉತ್ಸವದಲ್ಲಿ ಇದಕ್ಕೆ ಉನ್ನತ ಪ್ರಶಸ್ತಿ ದೊರೆಯಿತು. ಆ ಬಳಿಕವೂ ಪಾಶ್ಚಾತ್ಯ ಪ್ರೇಕ್ಷಕರಿಗೆ ಇಂಗ್ಲಿಷ್ ಅಡಿಬರಹದೊಂದಿಗೆ ಒಳ್ಳೆಯ ಪ್ರತಿ ಸುಲಭವಾಗಿ ಕೈಗೆಟುಕಲು ದಶಕಗಳೇ ಬೇಕಾದವು.

ಕವಿ, ನಾಟಕಕಾರ ಷೂಜಿ ತೆರಯಾಮಾ ಅವರ ‘ದೆನ್‌ಎನ್ ನಿ ಶಿಸು’ (ಹಳ್ಳಿಗಾಡಿನಲ್ಲಿ ಸಾಯುವುದು, 1974) ಉತ್ತರ ಜಪಾನಿನ ಓಸೊರೆ ಬೆಟ್ಟದ ಸೀಮೆಯಲ್ಲಿ, ತಾಯಿಯಿಂದ ಬಿಡಿಸಿಕೊಂಡು ಓಡಿಹೋಗಬಯಸುವ ಹುಡುಗನ ಕಥೆಯಾಗಿ ಆರಂಭವಾಗುತ್ತದೆ. ನಡುವಿನಲ್ಲಿ, ಇದುವರೆಗೆ ಕಂಡದ್ದು ಬೆಳೆದು ದೊಡ್ಡವನಾದ ಆ ಹುಡುಗನೇ ತೆಗೆಯುತ್ತಿರುವ ಸಿನಿಮಾ ಎಂದು ತಿಳಿಯುತ್ತದೆ. ಬಾಲ್ಯವನ್ನು ಸುಂದರಗೊಳಿಸಿ ಸುಳ್ಳು ಹೇಳಿದೆನೆಂಬ ಅಳುಕು ಅವನದು. ಕೊನೆಯಲ್ಲಿ ಮಗ ಮತ್ತು ತಾಯಿ ಊಟಕ್ಕೆ ಕುಳಿತಿರುವಾಗ ಹಳ್ಳಿಮನೆಯ ಗೋಡೆ ಹಿಂದಕ್ಕೆ ಬೀಳುತ್ತದೆ. ಬಯಲಾಗುವುದು ಶಿಂಜುಕುವಿನ ಜನನಿಬಿಡ ಬೀದಿ. ಈ ಚಿತ್ರ 1975ರಲ್ಲಿ ಕಾನ್ ಉತ್ಸವದ ಸ್ಪರ್ಧೆಯಲ್ಲಿತ್ತು. ಜೆ. ಎ. ಸೀಜರ್ ಅವರ ಸಂಗೀತದಿಂದಾಗಿ ಸಿನಿಮಾದ ಬಗ್ಗೆ ಆಸಕ್ತಿಯಿಲ್ಲದ ಗ್ರಾಮಫೋನ್ ತಟ್ಟೆಗಳ ಸಂಗ್ರಾಹಕರಿಗೂ ಇದು ಬೇಕಾದ ಹೆಸರು.

ಕೊಇಚಿ ಸೈತೊ ಅವರ ‘ತ್ಸುಗರು ಜೊಂಗರಾ-ಬುಶಿ’ (1973) ಟೋಕಿಯೋದಿಂದ ತನ್ನ ಹುಟ್ಟೂರಾದ ಮೀನುಗಾರರ ಹಳ್ಳಿಗೆ, ತಲೆಮರೆಸಿಕೊಂಡಿರುವ ಯುವಕನೊಡನೆ ಮರಳುವ ಹೆಣ್ಣಿನ ಕಥೆ. ಶೀರ್ಷಿಕೆ ಆ ಸೀಮೆಯ ಜನಪದ ಗೀತಪ್ರಕಾರದ್ದು. ಕಡಲ ಮೊರೆತ, ಶಾಮಿಸೆನ್ ತಂತಿವಾದ್ಯದ ನಾದ ಮತ್ತು ಚಳಿಗಾಳಿಗೆ ಬಾಗಿದ ಮನೆಗಳು ಇಲ್ಲಿ ಪಾತ್ರಗಳಷ್ಟೇ ಮುಖ್ಯ.

ಕಜುಓ ಕುರೋಕಿ ಅವರ ‘ಮತ್ಸುರಿ ನೊ ಜುಂಬಿ’ (ಹಬ್ಬದ ಸಿದ್ಧತೆ, 1975) ಇವೆಲ್ಲವುಗಳಿಗಿಂತ ಸೌಮ್ಯವಾದುದು. ಬಹುಶಃ ಹೊಸಬರು ಮೊದಲು ನೋಡಬೇಕಾದದ್ದೂ ಇದೇ. ಕೊಚಿ ಪ್ರಾಂತದ ಸಣ್ಣ ಊರಿನಲ್ಲಿ ಚಿತ್ರಕಥೆಗಾರನಾಗುವ ಕನಸು ಕಾಣುವ ಹುಡುಗ ಕೊನೆಗೆ ಟೋಕಿಯೋ ರೈಲು ಹತ್ತುತ್ತಾನೆ. ಅವನನ್ನು ಬೀಳ್ಕೊಡಲು ನಿಲ್ದಾಣದಲ್ಲಿರುವವನು ಒಬ್ಬನೇ, ಅವನೂ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿರುವವನು. ಆತ ಒಬ್ಬಂಟಿಯಾಗಿ ‘ಬಂಜಾಯ್’ ಎಂದು ಜಯಘೋಷ ಮಾಡುತ್ತ ಬೀಳ್ಕೊಡುತ್ತಾನೆ. ಚಿತ್ರಕಥೆಗಾರ ತಕೆಹಿರೊ ನಕಾಜಿಮಾ ತಮ್ಮ ಯೌವನದ ಅನುಭವಗಳಿಂದಲೇ ಇದನ್ನು ಬರೆದರು.

ದಶಕದ ಕೊನೆಯ ಭಾಗದಲ್ಲಿ, ಕೆಂಜಿ ನಕಗಾಮಿ ಅವರ ಕಥೆಯನ್ನಾಧರಿಸಿ ಕಜುಹಿಕೊ ಹಸೆಗಾವಾ ನಿರ್ದೇಶಿಸಿದ ‘ಯೂತ್ ಕಿಲ್ಲರ್’ (1976), ಯೊಇಚಿ ಹಿಗಾಶಿ ಅವರ ‘ಥರ್ಡ್’ (1978) ಮತ್ತು ಯಾಸುಜೊ ಮಸುಮುರಾ ಅವರ ‘ಸೊನೆಜಾಕಿ ಶಿಂಜು’ (1978) ಬಂದವು. ತಂದೆತಾಯಿಯರನ್ನು ಕೊಂದ ಮಗ, ಬಾಲಾಪರಾಧಿಗಳ ಸುಧಾರಣಾಲಯದ ಹುಡುಗ, ಜೊತೆಯಾಗಿ ಸಾವಿಗೆ ನಡೆಯುವ ಪ್ರೇಮಿಗಳು ಇವುಗಳ ವಸ್ತು.

ದುರ್ಲಭವಾದುದೇಕೆ

ಮೊದಲ ಕಾರಣ ಹಕ್ಕುಗಳ ಗೋಜಲು. ಅರ್ಧರ್ಧ ಬಂಡವಾಳದ ಪದ್ಧತಿಯಲ್ಲಿ ಚಿತ್ರದ ಒಡೆತನವೂ ಹಂಚಿಹೋಗಿತ್ತು. ಸ್ಟುಡಿಯೋ ಚಿತ್ರವಾದರೆ ಕೇಳಬೇಕಾದವರು ಒಬ್ಬರೇ. ಎಟಿಜಿ ಚಿತ್ರಕ್ಕೆ ನಿರ್ದೇಶಕನ ಸಂಸ್ಥೆಯನ್ನೂ ಕೇಳಬೇಕು. ಆ ಸಂಸ್ಥೆ ಮುಚ್ಚಿದ್ದರೆ ವಾರಸುದಾರರನ್ನು ಹುಡುಕಬೇಕು.

ಎರಡನೆಯದು ಭಾಷೆ. ಜಪಾನಿನಲ್ಲಿ ವಿಡಿಯೋ ಕ್ಯಾಸೆಟ್ಟುಗಳಾಗಿ, ನಂತರ ಲೇಸರ್ ಡಿಸ್ಕ್ ಮತ್ತು ಡಿವಿಡಿಗಳಾಗಿ ಬಂದ ಆವೃತ್ತಿಗಳು ಸ್ಥಳೀಯರಿಗಾಗಿಯೇ ಇದ್ದವು. ಅವುಗಳಲ್ಲಿ ಬಹುಪಾಲಿಗೆ ಅಡಿಬರಹ ಇರಲಿಲ್ಲ. ತಾಂತ್ರಿಕ ಅಡ್ಡಿಗಳೂ ಇದ್ದವು. ಜಪಾನಿನ ಕ್ಯಾಸೆಟ್ಟು ಎನ್‌ಟಿಎಸ್‌ಸಿ ಪದ್ಧತಿಯದು. ಭಾರತ ಮತ್ತು ಯುರೋಪಿನ ಬಹುಭಾಗದ ಯಂತ್ರಗಳು ಪಾಲ್ ಪದ್ಧತಿಯವು. ಡಿವಿಡಿ ಬಂದಾಗ ಜಪಾನು ಎರಡನೆಯ ವಲಯಕ್ಕೆ, ಅಮೆರಿಕ ಒಂದನೆಯದಕ್ಕೆ, ಭಾರತ ಐದನೆಯದಕ್ಕೆ ಸೇರಿತು. ಬ್ಲೂ-ರೇ ಬಂದ ಮೇಲೆ ಜಪಾನು ಮತ್ತು ಅಮೆರಿಕ ಒಂದೇ ವಲಯದಲ್ಲಿ ಸೇರಿದ್ದರಿಂದ ಅಮೆರಿಕದ ಸಂಗ್ರಾಹಕರ ಒಂದು ತೊಡಕು ಕಳೆಯಿತು.

ಮೂರನೆಯದು ಫಿಲ್ಮಿನ ಸ್ವಭಾವವೇ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ-ಹಸಿರು ಮತ್ತು ಹಳದಿ ವರ್ಣದ್ರವ್ಯಗಳು ಬೇಗ ಮಾಸಿ, ಚಿತ್ರವಿಡೀ ನಸುಗೆಂಪಿಗೆ ತಿರುಗುತ್ತದೆ. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಕೊಳೆಯತೊಡಗಿ ವಿನೆಗರಿನ ವಾಸನೆ ಬೀರುತ್ತದೆ, ಸುರುಟಿಕೊಳ್ಳುತ್ತದೆ. ಕಡಿಮೆ ಪ್ರಿಂಟುಗಳು ತಯಾರಾದ ಚಿತ್ರಕ್ಕೆ ಇದು ದೊಡ್ಡ ಅಪಾಯ. ಕಪ್ಪು-ಬಿಳುಪಿನ ಪ್ರತಿಗಳಿಗೆ ಬಣ್ಣ ಮಾಸುವ ಭಯವಿಲ್ಲ. ಹಣದ ಕೊರತೆಯಿಂದ ಮಾಡಿದ ಆಯ್ಕೆ ಬಾಳಿಕೆಗೆ ನೆರವಾದದ್ದು ಒಂದು ಆಕಸ್ಮಿಕ.

ಒಬ್ಬರಿಗೆ ದುರ್ಲಭವಾದದ್ದು ಇನ್ನೊಬ್ಬರಿಗೆ ಮನೆಮಾತಾಗಿರುವುದೂ ಉಂಟು. ಯೊಶಿತಾರೊ ನೊಮುರಾ ಅವರ ‘ಸುನಾ ನೊ ಉತ್ಸುವಾ’ (1974) ಜಪಾನಿನಲ್ಲಿ ಎಲ್ಲರೂ ಬಲ್ಲ ಚಿತ್ರ. ಹೊರಗೆ ಅದನ್ನು ಕಂಡವರು ಕಡಿಮೆ. ಆದ್ದರಿಂದ ಹೊರದೇಶದ ಸಂಗ್ರಾಹಕರ ಪಟ್ಟಿಗಳನ್ನು ಜಪಾನಿನ ಸಿನಿಮಾ ಚರಿತ್ರೆಯೆಂದೇ ಓದುವುದು ತಪ್ಪಾಗುತ್ತದೆ.

ಸಂಗ್ರಹಿಸುವ ವಸ್ತುಗಳು

ಜಪಾನಿನ ಚಿತ್ರಮಂದಿರಗಳಲ್ಲಿ ಉಚಿತವಾಗಿ ಹಂಚುವ ‘ಚಿರಶಿ’ ಎಂಬ ಕರಪತ್ರ ಸಾಮಾನ್ಯವಾಗಿ 18.2 × 25.7 ಸೆಂಟಿಮೀಟರ್ ಅಳತೆಯದು. ಗೋಡೆಗೆ ಹಚ್ಚುವ ಭಿತ್ತಿಚಿತ್ರ 51.5 × 72.8 ಸೆಂಟಿಮೀಟರ್. ಕಿಯೊಶಿ ಅವಾಜು, ತದನೊರಿ ಯೊಕೊಒ ಮೊದಲಾದ ಹೆಸರಾಂತ ವಿನ್ಯಾಸಕಾರರು ಆ ಕಾಲದ ಹೊಸ ಅಲೆಯ ಚಿತ್ರಗಳಿಗೆ ಕೆಲಸ ಮಾಡಿದುದರಿಂದ ಇವುಗಳಿಗೆ ಸಿನಿಮಾದಿಂದ ಪ್ರತ್ಯೇಕವಾದ ಕಲಾಮೌಲ್ಯವೂ ಬಂದಿದೆ. ಮೊದಲ ಬಿಡುಗಡೆಯ ಪೋಸ್ಟರಿಗೂ ಮರುಬಿಡುಗಡೆಯದಕ್ಕೂ ಬೆಲೆಯಲ್ಲಿ ಅಂತರವಿರುತ್ತದೆ. ಟೋಕಿಯೋದ ಹಳೆಯ ಪುಸ್ತಕಗಳ ಪೇಟೆಯಾದ ಜಿಂಬೊಚೊದಲ್ಲಿ ಸಿನಿಮಾ ಮತ್ತು ನಾಟಕದ ಗ್ರಂಥಗಳಿಗೇ ಮೀಸಲಾದ ‘ಯಗುಚಿ ಶೊತೆನ್’ನಂತಹ ಅಂಗಡಿಗಳಿವೆ.

ಇವೆಲ್ಲಕ್ಕಿಂತ ಉಪಯುಕ್ತವಾದದ್ದು ‘ಆರ್ಟ್ ಥಿಯೇಟರ್’ ಎಂಬ ಪುಸ್ತಿಕೆ. ಎಟಿಜಿ ತಾನು ಬಿಡುಗಡೆ ಮಾಡುವ ಚಿತ್ರದೊಡನೆ ಇದರ ಸಂಚಿಕೆಯನ್ನು ಹೊರತರುತ್ತಿತ್ತು. ವಿಮರ್ಶಕರ ಲೇಖನಗಳ ಜೊತೆಗೆ ಇಡೀ ಚಿತ್ರಕಥೆ ಅದರಲ್ಲಿ ಅಚ್ಚಾಗುತ್ತಿತ್ತು. ಚಿತ್ರಮಂದಿರದಲ್ಲಿ ಒಮ್ಮೆ ಕಂಡದ್ದನ್ನು ಮನೆಯಲ್ಲಿ ಮತ್ತೆ ನೋಡುವ ಸಾಧನವೇ ಇಲ್ಲದ ಕಾಲದಲ್ಲಿ ಪ್ರೇಕ್ಷಕನಿಗೆ ಚಿತ್ರವನ್ನು ಮರಳಿ ಓದುವ ಅವಕಾಶ ಇದಾಗಿತ್ತು. ಇಂದು ಸಂಭಾಷಣೆಯನ್ನು ಅನುವಾದಿಸುವವರಿಗೆ, ಧ್ವನಿ ಮಸುಕಾದ ಕಡೆ ಮಾತೇನೆಂದು ತಿಳಿಯಲು ಇದಕ್ಕಿಂತ ಉತ್ತಮ ಆಧಾರವಿಲ್ಲ.

ಆಕರ್ಷಣೆಯ ಕುರಿತು

ಬೇರೆಯವರ ಬಳಿ ಇಲ್ಲದ್ದು ತನ್ನ ಬಳಿ ಇದೆಯೆಂಬ ಹೆಮ್ಮೆ ಎಲ್ಲ ಸಂಗ್ರಾಹಕರಲ್ಲಿಯೂ ಇರುವಂತೆ ಇಲ್ಲಿಯೂ ಇದೆ. ಅಷ್ಟರಿಂದಲೇ ಈ ಆಸಕ್ತಿಯನ್ನು ವಿವರಿಸಲಾಗದು. ಅಂಚೆಚೀಟಿಯಂತೆ ಸಿನಿಮಾ ಕೇವಲ ಇಟ್ಟುಕೊಳ್ಳುವ ವಸ್ತುವಲ್ಲ. ಎರಡು ಗಂಟೆ ಕುಳಿತು ನೋಡಬೇಕಾದದ್ದು. ದುರ್ಲಭತೆ ಕಳೆದ ಮೇಲೂ ಉಳಿಯುವ ಚಿತ್ರ ಯಾವುದು ಎಂಬ ಪ್ರಶ್ನೆ ಆದ್ದರಿಂದಲೇ ಬರುತ್ತದೆ. ‘ಮುಜೊ’ ಮತ್ತು ಅದರ ಸಂಗಡಿ ಚಿತ್ರಗಳು ಬ್ರಿಟನ್ನಿನ ಆ್ಯರೋ ಸಂಸ್ಥೆಯಿಂದ 2019ರಲ್ಲಿ ಅಡಿಬರಹಸಹಿತ ಬ್ಲೂ-ರೇ ಆಗಿ ಬಂದವು. ಅದೇ ಸಂಸ್ಥೆ 2015ರಲ್ಲಿ ಕಿಜು ಯೋಶಿದಾ ಅವರ ‘ರೆಂಗೊಕು ಎರೊಇಕಾ’ (1970), ‘ಕೈಗೆನ್‌ರೆಇ’ (1973) ಚಿತ್ರಗಳನ್ನು ತಂದಿತ್ತು. ದುರ್ಲಭತೆಯೊಂದೇ ಬಂಡವಾಳವಾಗಿದ್ದರೆ ಇವುಗಳ ಬಗ್ಗೆ ಮಾತು ಅಲ್ಲಿಗೇ ನಿಲ್ಲಬೇಕಾಗಿತ್ತು. ಆದರೆ ಗಂಭೀರವಾದ ಚರ್ಚೆ ಹೆಚ್ಚಾದದ್ದು ಇಂತಹ ಆವೃತ್ತಿಗಳು ಬಂದ ಮೇಲೆ. ಹಾಗೆಂದು ಮರೆತುಹೋದ ಚಿತ್ರಗಳೆಲ್ಲ ಮೇರುಕೃತಿಗಳಲ್ಲ. ಈ ದಶಕದ ಕೆಲವು ಪ್ರಯೋಗಗಳು ಕೇವಲ ದೀರ್ಘವಾಗಿವೆ. ಹಲವು ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನು ಪುರುಷಪಾತ್ರದ ಅಳಲಿಗೆ ಸಾಧನವಾಗಿ ಬಳಸಿರುವುದು ಇಂದಿನ ಪ್ರೇಕ್ಷಕರನ್ನು ಮುಜುಗರಕ್ಕೀಡುಮಾಡುತ್ತದೆ. ಸಂಗ್ರಾಹಕರ ಉತ್ಸಾಹದ ಬರಹಗಳಲ್ಲಿ ಈ ಮಾತು ಅಪರೂಪ.

ಪ್ರದರ್ಶನ ಮತ್ತು ಸಂರಕ್ಷಣೆ

ಹೊರದೇಶಗಳಲ್ಲಿ ಈ ಚಿತ್ರಗಳನ್ನು ಒಟ್ಟಾಗಿ ನೋಡುವ ಅವಕಾಶ ಒದಗಿದ್ದು 2003ರಲ್ಲಿ ವಿಯೆನ್ನಾ ಚಿತ್ರೋತ್ಸವ ಏರ್ಪಡಿಸಿದ ಎಟಿಜಿ ಅವಲೋಕನದಿಂದ. 2011ರಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, 2012-13ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇಂತಹ ಪ್ರದರ್ಶನಗಳನ್ನು ನಡೆಸಿದವು. ಜಪಾನಿನಲ್ಲಿ ಸಂರಕ್ಷಣೆಯ ಹೊಣೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ್ದು. 1970ರಿಂದ ಆಧುನಿಕ ಕಲಾ ಸಂಗ್ರಹಾಲಯದ ಅಂಗವಾಗಿದ್ದ ಫಿಲ್ಮ್ ಸೆಂಟರ್ 2018ರಲ್ಲಿ ಈ ಹೆಸರಿನಿಂದ ಸ್ವತಂತ್ರ ಸಂಸ್ಥೆಯಾಯಿತು. 1984ರ ಸೆಪ್ಟೆಂಬರಿನಲ್ಲಿ ಅದರ ಟೋಕಿಯೋ ಕಟ್ಟಡದಲ್ಲಿ ಬೆಂಕಿ ಬಿದ್ದು ಹಲವು ವಿದೇಶಿ ಚಿತ್ರಗಳ ಪ್ರಿಂಟುಗಳು ಸುಟ್ಟುಹೋದವು. ಎರಡು ವರ್ಷಗಳ ನಂತರ ಸಗಾಮಿಹಾರಾದಲ್ಲಿ ತಂಪು ಮತ್ತು ತೇವಾಂಶಗಳನ್ನು ನಿಯಂತ್ರಿಸುವ ಸಂರಕ್ಷಣಾಗಾರ ತಲೆಯೆತ್ತಿತು.

ಅಧಿಕೃತ ಆವೃತ್ತಿ ಇಲ್ಲದಿದ್ದಾಗ ಅನಧಿಕೃತ ನಕಲುಗಳೂ ಹವ್ಯಾಸಿಗಳು ಸಿದ್ಧಪಡಿಸಿದ ಅಡಿಬರಹಗಳೂ ಸಂಗ್ರಾಹಕರ ನಡುವೆ ಕೈಯಿಂದ ಕೈಗೆ ಹೋಗುತ್ತವೆ. ಚಿತ್ರಗಳ ಹೆಸರು ಅಳಿಯದೆ ಉಳಿದುದರಲ್ಲಿ ಇವುಗಳ ಪಾಲೂ ಇದೆ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇವು ಹಕ್ಕುಸ್ವಾಮ್ಯದ ಉಲ್ಲಂಘನೆಯೇ. ಜಪಾನು 2004ರಲ್ಲಿ ಚಲನಚಿತ್ರಗಳ ಹಕ್ಕುಸ್ವಾಮ್ಯದ ಅವಧಿಯನ್ನು ಬಿಡುಗಡೆಯಿಂದ 50 ವರ್ಷಗಳ ಬದಲು 70 ವರ್ಷಗಳಿಗೆ ವಿಸ್ತರಿಸಿತು. ಅದರಂತೆ ‘ಮುಜೊ’ ಅಲ್ಲಿ 2040ರ ಕೊನೆಯವರೆಗೆ, ‘ದೆನ್‌ಎನ್ ನಿ ಶಿಸು’ 2044ರ ಕೊನೆಯವರೆಗೆ ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿರುತ್ತವೆ.